ಇಡೀ ದೇಶದ ಬಿಪಿ, ಶುಗರ್ ಅಳೆಯುವುದು ಹೇಗೆ?

ಆಸ್ಪತ್ರೆಗೆ ಬಂದವರ ಲೆಕ್ಕ ಹಿಡಿದು ದೇಶದಲ್ಲಿ ಎಷ್ಟು ಜನಕ್ಕೆ ಬಿಪಿ ಇದೆ ಎಂದು ಹೇಳಲು ಆಗುವುದಿಲ್ಲ. ಬಿಪಿ ಇದ್ದೂ ಗೊತ್ತಿಲ್ಲದವರು ಆ ಕಡೆ ತಲೆಯೇ ಹಾಕಿರುವುದಿಲ್ಲ, ಅಲ್ವಾ? ಹಾಗಾಗಿ ಮನೆ ಮನೆಗೆ ಹೋಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ‘ಸ್ಟೆಪ್ಸ್’ ಎಂಬ ಕ್ರಮ ರೂಪಿಸಿದೆ. 18ರಿಂದ 69 ವರ್ಷದವರನ್ನು ಮೂರು ಹಂತದಲ್ಲಿ ನೋಡುತ್ತಾರೆ: ಪ್ರಶ್ನೆ, ದೇಹದ ಅಳತೆ, ರಕ್ತ ಪರೀಕ್ಷೆ.

ಮೊದಲು ಎಷ್ಟು ಜನ ಬೇಕು ನೋಡಿ. ಒಂದು ವಯಸ್ಸಿನ ಗುಂಪಿನ ಹೆಂಗಸರ ಬಗ್ಗೆ ಶೇ 5ರ ಹೆಚ್ಚುಕಮ್ಮಿಯೊಳಗೆ ಉತ್ತರ ಬೇಕಾದರೆ ಲೆಕ್ಕದ ಪ್ರಕಾರ 384 ಜನ ಸಾಕು. ಆದರೆ ಅಕ್ಕಪಕ್ಕದ ಮನೆಯವರ ಬದುಕು ಹೆಚ್ಚುಕಡಿಮೆ ಒಂದೇ ತರ ಇರುವುದರಿಂದ 1.5ರಿಂದ ಗುಣಿಸಿ 576 ಮಾಡುತ್ತಾರೆ, ಶೇ 20 ಮಂದಿ ಸಿಗುವುದಿಲ್ಲ ಎಂದು ಇಟ್ಟುಕೊಂಡರೆ 720. ಪ್ರತಿ ಗುಂಪಿಗೂ ಇಷ್ಟು.

ಊರು, ಮನೆ, ಮನೆಯಲ್ಲಿ ಒಬ್ಬರು, ಎಲ್ಲವೂ ಚೀಟಿ ಎತ್ತಿದ ಹಾಗೆ ಆಯ್ಕೆಯಾಗಬೇಕು. ನನ್ನ ಪ್ರಕಾರ ಸಮೀಕ್ಷೆ ಕೆಡುವುದು ಇಲ್ಲೇ. ಹೆಸರು ಬಂದವರು ಕೆಲಸಕ್ಕೆ ಹೋಗಿದ್ದಾರೆ, ಮನೆಯಲ್ಲಿದ್ದವರನ್ನೇ ಸುಮ್ನೆ ಕೂರಿಸಿ ಅಳೆದುಬಿಡೋಣ ಅನ್ನಿಸುತ್ತದೆ. ಬೇಡ. ಹಗಲು ಮನೆಯಲ್ಲಿ ಸಿಗುವವರಲ್ಲಿ ವಯಸ್ಸಾದವರು, ಕಾಯಿಲೆಯವರೇ ಜಾಸ್ತಿ. ಸಂಜೆ ಮತ್ತೆ ಹೋಗಿ, ರಜೆ ದಿನ ಹೋಗಿ, ಅವರನ್ನೇ ಹಿಡಿಯಿರಿ.

ಪ್ರಶ್ನೆಗಳು ತಂಬಾಕು, ಮದ್ಯ, ಹಣ್ಣು ತರಕಾರಿ, ಉಪ್ಪು, ಓಡಾಟದ ಬಗ್ಗೆ. ‘ಜಾಸ್ತಿ ಕುಡಿಯುತ್ತೀರಾ?’ ಎಂದರೆ ಯಾರೂ ಹೌದು ಅನ್ನುವುದಿಲ್ಲ. ‘ಕಳೆದ 30 ದಿನಗಳಲ್ಲಿ ಎಷ್ಟು ದಿನ?’ ಎಂದು ಕೇಳಿ, ಲೋಟದ ಅಳತೆಗೆ ಚಿತ್ರ ತೋರಿಸಿ.

ಬಿಪಿಗೆ ಅವಸರ ಬೇಡ. 15 ನಿಮಿಷ ಸುಮ್ಮನೆ ಕೂರಿಸಿ, ಕಾಲು ಮೇಲೆ ಕಾಲು ಹಾಕದಂತೆ ಹೇಳಿ, ತೋಳು ಎದೆಯ ಮಟ್ಟದಲ್ಲಿರಲಿ. ಮೂರು ಸಲ ಅಳೆಯಿರಿ, ನಡುವೆ 3 ನಿಮಿಷ ಬಿಡಿ. ಮೊದಲನೆಯದು ಗಾಬರಿಗೇ ಏರಿರಬಹುದು, ಕೊನೆಯ ಎರಡರ ಸರಾಸರಿ ತೆಗೆದುಕೊಳ್ಳಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ಇದೆ ಎಂದು ಲೆಕ್ಕ. ಮಾತ್ರೆ ತಿಂದು ಹತೋಟಿಯಲ್ಲಿಟ್ಟುಕೊಂಡವರನ್ನೂ ಸೇರಿಸಿ, ಅವರನ್ನು ಬಿಟ್ಟರೆ ಕಾಯಿಲೆಯೇ ಕಡಿಮೆ ಇದೆ ಎಂದು ಕಾಣುತ್ತದೆ. ಎತ್ತರ, ತೂಕ, ಸೊಂಟ ಸಹ ಅಳೆಯಬೇಕು. ಟೇಪು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ ಬರಬೇಕು, ಉಸಿರು ಬಿಟ್ಟಾಗ ಓದಬೇಕು.

ರಕ್ತಕ್ಕೆ ರಾತ್ರಿಯಿಂದ ಖಾಲಿ ಹೊಟ್ಟೆ. ಸಕ್ಕರೆ ಡೆಸಿಲೀಟರಿಗೆ (100 ಮಿಲಿಲೀಟರ್) 126 ಮಿಲಿಗ್ರಾಂ ಮುಟ್ಟಿದರೆ ಮಧುಮೇಹದ ಸಾಲಿಗೆ.

ಅಳತೆಗಳನ್ನು ಚೀಟಿಯಲ್ಲಿ ಬರೆದು ಅಲ್ಲೇ ಅವರ ಕೈಗೆ ಕೊಡಿ. ಬಿಪಿ ತೀರಾ ಏರಿದ್ದರೆ ಅವತ್ತೇ ವೈದ್ಯರ ಹತ್ತಿರ ಕಳಿಸಿ, ಪಟ್ಟಿಯಲ್ಲಿ ಮುಂದಿನ ಮನೆ ಕಾಯಲಿ.