ಕಲ್ಲಿಗೆ ತಾಗಿ ಚೇಂಬರ್ ಒಡೆದಾಗ

ಮಳೆಗಾಲ ಮುಗಿದ ಮೇಲೆ ತೋಟದ ದಾರಿ ಹೇಗಿರುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಚಕ್ರ ಓಡಾಡುವಲ್ಲಿ ಎರಡು ಕೊರಕಲು, ನಡುವೆ ದಿಬ್ಬ, ಆ ದಿಬ್ಬದಲ್ಲಿ ತಲೆ ಎತ್ತಿಕೊಂಡ ಕಲ್ಲು. ಅಡಿಕೆ ತುಂಬಿಕೊಂಡು ಬರುತ್ತಿದ್ದ ನಮ್ಮ ಬೊಲೆರೊ ಪಿಕಪ್ ಅಂಥದ್ದೊಂದು ಕಲ್ಲಿನ ಮೇಲೆ ಕೂತಿತು. ಇಳಿದು ಬಗ್ಗಿ ನೋಡಿದರೆ ಕಲ್ಲಿನ ತುಂಬ ಕಪ್ಪು ಎಣ್ಣೆ.

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ ಪುಸ್ತಕದಲ್ಲಿ ಆಯಿಲ್ ಪ್ಯಾನ್, ಸಂಪ್ ಎಂದೆಲ್ಲ ಹೆಸರಿದೆ. ಗ್ಯಾರೇಜಿನಲ್ಲಿ ಅದು ಬರೀ ಚೇಂಬರ್. ಒಡೆದರೆ ಮೊದಲ ಕೆಲಸ ಎಂಜಿನ್ ಆಫ್ ಮಾಡುವುದು. ‘ಮನೆ ಹತ್ತಿರವೇ ಇದೆ, ಮೆಲ್ಲಗೆ ಹೋಗಿಬಿಡೋಣ’ ಎನ್ನಬೇಡಿ. ಆಯಿಲ್ ದೀಪ ಹೊತ್ತಿದೆ ಎಂದರೆ ಒತ್ತಡ ಆಗಲೇ ಬಿದ್ದಿದೆ ಎಂದರ್ಥ. ಕ್ರ್ಯಾಂಕಿನ ಬೇರಿಂಗ್ ಒಣಗಿ ಎಂಜಿನ್ ಕಚ್ಚಿಕೊಂಡು ಸೀಝ್ ಆಗಲು ಆಮೇಲೆ ಹೆಚ್ಚು ಹೊತ್ತು ಬೇಡ. ಹಗ್ಗ ಕಟ್ಟಿ ಎಳೆಸಿಕೊಂಡು ಬನ್ನಿ.

ಕಲ್ಲು ತಾಗದೆ ಸುಮ್ನೆ ಎಣ್ಣೆ ಜಿನುಗುತ್ತಿದ್ದರೆ ಚೇಂಬರನ್ನೇ ದೂರಬೇಡಿ. ಮೇಲಿನ ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್, ಕ್ರ್ಯಾಂಕಿನ ಆಯಿಲ್ ಸೀಲ್, ಎಲ್ಲಿಂದ ಸೋರಿದರೂ ಎಣ್ಣೆ ಇಳಿದು ಬಂದು ತೊಟ್ಟಿಕ್ಕುವುದು ಇಲ್ಲೇ. ಚೆನ್ನಾಗಿ ಒರೆಸಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಎಲ್ಲಿ ಮೊದಲು ಒದ್ದೆಯಾಗುತ್ತದೆ ನೋಡಿ. ಇನ್ನೊಂದು ಮಾತು: ತಗಡಿನ ಚೇಂಬರ್ ತೂತಾಗದೆ ಬರೀ ನೆಗ್ಗಿದ್ದರೂ ಬಿಚ್ಚಿ ನೋಡಬೇಕು. ಆಯಿಲ್ ಹೀರುವ ಸ್ಟ್ರೈನರ್ ತಳಕ್ಕೆ ತೀರಾ ಹತ್ತಿರ ಇರುತ್ತದೆ. ನೆಗ್ಗಿದ ತಗಡು ಅದರ ಬಾಯಿ ಮುಚ್ಚಬಹುದು.

ಎಂ-ಸೀಲ್ ಮೆತ್ತಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಊರು ಮುಟ್ಟುವ ಮಟ್ಟಿಗೆ ಆದೀತು, ಅಷ್ಟೆ. ತಗಡಿನದಕ್ಕೆ ಗ್ಯಾಸ್ ವೆಲ್ಡಿಂಗ್ ಮಾಡಿಸಬಹುದು. ಅಲ್ಯೂಮಿನಿಯಂ ಆದರೆ ಆರ್ಗಾನ್ ವೆಲ್ಡಿಂಗ್ ಬೇಕು. ಎಣ್ಣೆ ಕುಡಿದ ಲೋಹಕ್ಕೆ ಅದೂ ಸರಿಯಾಗಿ ಕಚ್ಚುವುದಿಲ್ಲ. ಹೊಸದು ಹಾಕುವುದೇ ಮೇಲು.

ಅಂಗಡಿಗೆ ಹೋಗುವಾಗ ಚಾಸಿ ನಂಬರ್, ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಗೆ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಚೇಂಬರ್ ಇರುತ್ತದೆ. ಜೊತೆಗೆ ಚೇಂಬರ್ ಮತ್ತು ಬ್ಲಾಕಿನ ನಡುವೆ ಕೂರುವ ಪ್ಯಾಕಿಂಗ್ ಅಥವಾ ಸಿಲಿಕಾನ್ ಪೇಸ್ಟ್, ಡ್ರೈನ್ ಬೋಲ್ಟಿನ ವಾಷರ್, ಹೊಸ ಫಿಲ್ಟರ್, ಆಯಿಲ್. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಯಾದರೆ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಗ್ರೇಡಿನ ಆಯಿಲ್ಲನ್ನೇ ತನ್ನಿ. ಬೇರೆಯದು ಹಾಕಿದರೆ ಹೊಗೆ ಸೋಸುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಗಾಡಿಯ ಕೆಳಗೆ ಹೋಗುವ ಮುಂಚೆ

ಲೋಡ್ ಇಳಿಸಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಟ್ಟೆ ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕಲ್ಲ. ಚಾಸಿಗೆ ಎರಡೂ ಬದಿ ಗಟ್ಟಿ ಸ್ಟ್ಯಾಂಡ್ ಕೊಡಿ. ಕೆಂಪು ಕಲ್ಲು, ಸಿಮೆಂಟ್ ಇಟ್ಟಿಗೆ ಪೇರಿಸಿ ಕೆಳಗೆ ಮಲಗುವವರನ್ನು ನೋಡಿದ್ದೇನೆ. ಅವು ಪುಡಿಯಾಗುವ ಮುಂಚೆ ಹೇಳಿ ಕೇಳಿ ಮಾಡುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೇ ಹೋಗಿ.

ಉಳಿದ ಆಯಿಲ್ಲನ್ನು ಅಗಲದ ಟಬ್ಬಿಗೆ ಇಳಿಸಿ. ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ, ಕುದಿಬಿಸಿ ಇದ್ದರೆ ಕೈ ಸುಡುತ್ತದೆ. ಆಮೇಲೆ ಅಡ್ಡ ಬಂದ ತಗಡು, ಬ್ರಾಕೆಟ್ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಮುಂದಿನ ಆಕ್ಸಲ್ಲೋ ಅಡ್ಡಪಟ್ಟಿಯೋ ದಾರಿ ಬಿಡುವುದಿಲ್ಲ. ಎಂಜಿನ್ ಮೌಂಟಿಂಗ್ ಬಿಚ್ಚಿ ಎಂಜಿನ್ನನ್ನೇ ಸ್ವಲ್ಪ ಎತ್ತಬೇಕಾಗುತ್ತದೆ. ನಿಮ್ಮದು ಅಂಥ ಗಾಡಿಯಾದರೆ ಇದು ಮನೆ ಅಂಗಳದ ಕೆಲಸವಲ್ಲ, ಮೆಕ್ಯಾನಿಕ್ ಕರೆಯಿರಿ.

ಚೇಂಬರಿನ ಬೋಲ್ಟ್‌ಗಳು ಸಣ್ಣವು, ಆದರೆ ಉದ್ದ ಬೇರೆ ಬೇರೆ ಇರಬಹುದು. ರಟ್ಟಿನ ಮೇಲೆ ಚೇಂಬರಿನ ಆಕಾರ ಗೀಚಿ, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಎದುರುಬದುರು ಮೂಲೆಯ ಎರಡು ಬೋಲ್ಟ್ ಅರ್ಧ ಸಡಿಲಿಸಿ ಬಿಡಿ, ಇಲ್ಲದಿದ್ದರೆ ಅಂಟು ಬಿಟ್ಟ ಗಳಿಗೆಗೆ ಚೇಂಬರ್ ಎಣ್ಣೆ ಸಮೇತ ಮುಖದ ಮೇಲೆ. ಅಂಟು ಬಿಡದಿದ್ದರೆ ತೆಳ್ಳಗಿನ ಸ್ಕ್ರೇಪರ್ ತೂರಿಸಿ, ರಬ್ಬರ್ ಸುತ್ತಿಗೆಯಲ್ಲಿ ಬದಿಗೆ ತಟ್ಟಿ. ಸ್ಕ್ರೂಡ್ರೈವರ್ ಹೆಟ್ಟಿ ಮೀಟಿದರೆ ಎಂಜಿನ್ ಬ್ಲಾಕಿನ ಅಂಚಿಗೆ ಗಾಯವಾಗುತ್ತದೆ. ಆ ಗಾಯದಿಂದ ಮುಂದೆ ಯಾವಾಗಲೂ ಎಣ್ಣೆ ಜಿನುಗುತ್ತದೆ.

ಇಳಿಸಿದ ಚೇಂಬರಿನ ತಳವನ್ನು ಬೆರಳಲ್ಲಿ ಸವರಿ ನೋಡಿ. ಕಪ್ಪು ಜಿಗಟು ಇರುವುದು ಸಹಜ. ಫಳಫಳ ಹೊಳೆಯುವ ಲೋಹದ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಬೇರಿಂಗ್ ಸವೆದಿರುವ ಸೂಚನೆ ಅದು, ಮುಚ್ಚಿದರೆ ಎಂಜಿನ್ ಕೆಲಸ ಬರುವುದು ಖಾತ್ರಿ. ಸ್ಟ್ರೈನರ್ ಬಿಚ್ಚಿ ಡೀಸೆಲಿನಲ್ಲಿ ತೊಳೆಯಿರಿ. ಬಾಗಿದ್ದರೆ, ಬಿರುಕಿದ್ದರೆ ಹೊಸದು ಹಾಕಿ. ಅದರ ಬುಡದ ಸೀಲನ್ನಂತೂ ಹೊಸದೇ ಹಾಕಿ. ಅಲ್ಲಿ ಗಾಳಿ ಹೀರಿದರೆ ಪಂಪಿಗೆ ಆಯಿಲ್ ಏರುವುದಿಲ್ಲ.

ಉಜ್ಜುವುದೇ ಅರ್ಧ ಕೆಲಸ

ನಾನು ಮೊದಲ ಸಲ ಎಡವಿದ್ದು ಇಲ್ಲೇ. ಕತ್ತಲಾಗುತ್ತದೆ ಎಂದು ಅವಸರದಲ್ಲಿ ಒರೆಸಿ ಕೂರಿಸಿದೆ. ಮಾರನೇ ದಿನ ಮತ್ತೆ ತೊಟ್ಟಿಕ್ಕಿತು, ಮತ್ತೆ ಎಲ್ಲ ಬಿಚ್ಚಿದೆ. ಬ್ಲಾಕಿನ ಅಂಚಿನಲ್ಲಿ ಹಳೇ ಪ್ಯಾಕಿಂಗಿನ ಚೂರೂ ಉಳಿಯಬಾರದು, ಎಣ್ಣೆಯ ಪಸೆಯೂ ಇರಬಾರದು. ಕೆರೆದು, ಬ್ರೇಕ್ ಕ್ಲೀನರ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಒರೆಸಿ. ಮೇಲಿಂದ ಹನಿ ಇಳಿಯುತ್ತಲೇ ಇರುತ್ತದೆ, ಅದಕ್ಕೇ ಪೂರ್ತಿ ಬಸಿಯಲು ಒಂದು ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು. ಬೋಲ್ಟಿನ ತೂತುಗಳನ್ನೂ ಒಣಗಿಸಿ.

ಸಿಲಿಕಾನ್ ಪೇಸ್ಟ್ ಆದರೆ ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ, ತುಂಡಾಗದಂತೆ, ಬೋಲ್ಟಿನ ತೂತುಗಳ ಒಳಬದಿಯಲ್ಲಿ ಎಳೆಯಿರಿ. ಜಾಸ್ತಿ ಮೆತ್ತಿದರೆ ಒಳಗೆ ಉಕ್ಕಿ, ಕಳಚಿ, ಸ್ಟ್ರೈನರಿಗೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಪ್ಯಾಕಿಂಗ್ ಆದರೆ ಪೇಸ್ಟ್ ಮೂಲೆಗಳಿಗೆ, ಟೈಮಿಂಗ್ ಕವರ್ ಮತ್ತು ಬ್ಲಾಕ್ ಸೇರುವಲ್ಲಿ ಮಾತ್ರ ಸಾಕು.

ಚೇಂಬರ್ ಎತ್ತಿ ಹಿಡಿಯಲು ಇನ್ನೊಬ್ಬರು ಇರಲಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ. ಆಮೇಲೆ ನಡುವಿನಿಂದ ಶುರುಮಾಡಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಸರಿಯಾದ ಲೆಕ್ಕ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಭುಜದ ಬಲ ತೋರಿಸಿದರೆ ಬೋಲ್ಟ್ ಮುರಿದು ಬ್ಲಾಕಿನಲ್ಲೇ ಉಳಿಯುತ್ತದೆ. ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟ್ ಬಿಗಿಯಲು ಮರೆಯಬೇಡಿ.

ಪೇಸ್ಟ್ ಒಣಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ನಾನಂತೂ ಒಂದು ಹಗಲು, ಒಂದು ರಾತ್ರಿ ಬಿಡುತ್ತೇನೆ. ಆಮೇಲೆ ಹೊಸ ಫಿಲ್ಟರ್ ಹಾಕಿ, ಆಯಿಲ್ ತುಂಬಿ, ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ ಸ್ಟಾರ್ಟ್ ಮಾಡಿ. ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್. ಆರಿದರೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು, ನಿಲ್ಲಿಸಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಡಿಪ್‌ಸ್ಟಿಕ್ ನೋಡಿ ಕಡಿಮೆ ಬಿದ್ದಷ್ಟು ತುಂಬಿ.

ಹಳೇ ಆಯಿಲ್ಲನ್ನು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಬಳಿಯುವ ರೂಢಿ ನಮ್ಮ ಕಡೆ ಇದೆ. ಬೇಡ, ಮಳೆಗೆ ತೊಳೆದು ಅದು ಹೋಗುವುದು ಬಾವಿ ಕಡೆಗೇ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಆ ರಾತ್ರಿ ಗಾಡಿಯ ಕೆಳಗೆ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಲೋಡ್ ಹಾಕಬಹುದು.