ಒಂದು ಸೈಕಲ್ ಹಿಡಿದು ಓದಿದ ಪದವಿ

ಅಂತಾರಾಷ್ಟ್ರೀಯ ವ್ಯವಹಾರದಲ್ಲಿ ಆನ್‌ಲೈನ್ ಪದವಿ ಮುಗಿಸಿದೆ ಎಂದರೆ ಜನ ಮೊದಲು ಕೇಳುವುದು, ‘ಮನೆಯಲ್ಲೇ ಕೂತು ಓದಿದರೆ ತಲೆಗೆ ಹತ್ತುತ್ತದಾ?’ ಅಂತ. ಹತ್ತುತ್ತದೆ. ಈ ವಿಷಯದ ತೊಡಕು ಬೇರೆಯೇ ಇದೆ. ಅರ್ಥಶಾಸ್ತ್ರ, ಕಾನೂನು, ಹಣಕಾಸು, ಮಾರ್ಕೆಟಿಂಗ್, ಸಾಗಣೆ, ರಾಜಕೀಯ, ಎಲ್ಲದರಿಂದಲೂ ಒಂದೊಂದು ತುಂಡು ತಂದು ಹೊಲಿದ ಕೌದಿ ಇದು. ಕಾಲೇಜಿಗೆ ಹೋಗಿ ಓದುವವರಿಗೆ ಯಾರಾದರೂ ಮೇಷ್ಟ್ರೋ ಸೀನಿಯರ್ರೋ ಆ ಹೊಲಿಗೆ ಎಲ್ಲಿದೆ ಎಂದು ಮಾತಿನ ನಡುವೆ ತೋರಿಸಿಬಿಡುತ್ತಾರೆ. ಆನ್‌ಲೈನ್‌ನಲ್ಲಿ ಹಾಗಾಗುವುದಿಲ್ಲ. ಒಂದು ಕೋರ್ಸಿನ ವಿಡಿಯೊ ನೋಡಿ, ಕ್ವಿಜ್ ಬರೆದು, ಅಸೈನ್‌ಮೆಂಟ್ ಅಪ್‌ಲೋಡ್ ಮಾಡಿದರೆ ಆ ಕೋರ್ಸು ಅಲ್ಲಿಗೆ ಮುಗಿಯಿತು. ಮುಂದಿನದಕ್ಕೂ ಅದಕ್ಕೂ ಇರುವ ಸಂಬಂಧವನ್ನು ನಾವೇ ಹುಡುಕಿಕೊಳ್ಳಬೇಕು.

ಅದಕ್ಕೆ ನಾನು ಮಾಡಿಕೊಂಡ ಉಪಾಯ ಸರಳ. ಮೊದಲ ಸೆಮಿಸ್ಟರಿನಲ್ಲೇ ಒಂದು ಸರಕು ಆರಿಸಿಕೊಂಡೆ. ವಿಷಯದ ಆಯ್ಕೆ ನಮಗೆ ಬಿಟ್ಟಿದ್ದ ಪ್ರತಿ ಅಸೈನ್‌ಮೆಂಟನ್ನೂ ಕೊನೆಯವರೆಗೆ ಅದರ ಮೇಲೆಯೇ ಬರೆದೆ. ನನ್ನ ಸರಕು ಸೈಕಲ್. ಮೋಟಾರಿಲ್ಲದ, ತುಳಿದು ಓಡಿಸುವ ಸಾಮಾನ್ಯ ಸೈಕಲ್. ಫ್ರೇಮ್ ಒಂದು ದೇಶದ್ದು, ಗೇರ್ ಇನ್ನೊಂದರದ್ದು, ಜೋಡಿಸುವುದು ಮೂರನೆಯದರಲ್ಲಿ, ಮಾರುವುದು ನಾಲ್ಕನೆಯದರಲ್ಲಿ. ಅದರ ಸುತ್ತ ಸುಂಕದ ಜಗಳವೂ ಬೇಕಾದಷ್ಟಿದೆ. ಸಹಪಾಠಿಗಳಲ್ಲಿ ಹೆಚ್ಚಿನವರು ಮೊಬೈಲ್ ಫೋನ್ ಆರಿಸಿಕೊಳ್ಳುತ್ತಿದ್ದರು. ಅದರ ಬಗ್ಗೆ ಎಲ್ಲರೂ ಎಲ್ಲವನ್ನೂ ಬರೆದಾಗಿದೆ, ಹೊಸದಾಗಿ ಯೋಚಿಸಲು ಜಾಗವೇ ಉಳಿದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಮೊದಲ ವರ್ಷದ ಸಿದ್ಧಾಂತಗಳನ್ನು ಕೇಳಿದರೆ ನಿದ್ದೆ ಬರುತ್ತದೆ ಎಂದು ದೂರುವವರಿದ್ದಾರೆ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದರೆ ನಿದ್ದೆ ಹಾರುತ್ತದೆ. ನಿಗದಿತ ಪ್ರಮಾಣದ ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಜನರ ಒಂದು ವರ್ಷದ ದುಡಿಮೆ ಬೇಕು, ವೈನಿಗೆ 120 ಜನರದು. ಪೋರ್ಚುಗಲ್‌ನಲ್ಲಿ ಬಟ್ಟೆಗೆ 90, ವೈನಿಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಪೋರ್ಚುಗಲ್ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡರೆ ಇಬ್ಬರಿಗೂ ಲಾಭ. ಯಾಕೆಂದರೆ ಒಂದು ಅಳತೆ ಬಟ್ಟೆಗಾಗಿ ಪೋರ್ಚುಗಲ್ ಬಿಟ್ಟುಕೊಡುವ, ಅಂದರೆ ಅದೇ ದುಡಿಮೆಯಲ್ಲಿ ಮಾಡಬಹುದಾಗಿದ್ದ ವೈನು 1.125 ಅಳತೆ, ಇಂಗ್ಲೆಂಡ್ ಬಿಟ್ಟುಕೊಡುವುದು ಸುಮಾರು 0.83 ಮಾತ್ರ. ಇದನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಅಂಕಿ ಬದಲಾದ ಕೂಡಲೇ ಕಕ್ಕಾಬಿಕ್ಕಿಯಾಗುತ್ತಾರೆ. ನಾನು ಬಟ್ಟೆ, ವೈನಿನ ಜಾಗದಲ್ಲಿ ಫ್ರೇಮ್, ಗೇರ್ ಇಟ್ಟುಕೊಂಡು, ಅಂಕಿಗಳನ್ನು ನಾನೇ ಬದಲಿಸಿ ಬದಲಿಸಿ ಲೆಕ್ಕ ಮಾಡುತ್ತಿದ್ದೆ.

ಕಂಪನಿಗಳು ಯಾಕೆ ಹೊರದೇಶಕ್ಕೆ ಹೋಗುತ್ತವೆ ಎನ್ನುವ ಅಧ್ಯಾಯದಲ್ಲಿ ಸೈಕಲ್ ಇನ್ನೂ ಚೆನ್ನಾಗಿ ಕೈಹಿಡಿಯಿತು. 1972ರಲ್ಲಿ ತೈವಾನಿನಲ್ಲಿ ಶುರುವಾದ ಜೈಂಟ್ ಕಂಪನಿ ಬೇರೆಯವರ ಬ್ರಾಂಡಿಗೆ ಸೈಕಲ್ ಮಾಡಿಕೊಡುತ್ತಿತ್ತು. ಅಮೆರಿಕದ ಶ್ವಿನ್ ಅದರ ದೊಡ್ಡ ಗಿರಾಕಿ. 80ರ ದಶಕದಲ್ಲಿ ಜೈಂಟ್ ತನ್ನದೇ ಹೆಸರಿನಲ್ಲಿ ಮಾರಾಟಕ್ಕಿಳಿದು, 1986ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಕಚೇರಿ ತೆರೆಯಿತು. 1992ರಲ್ಲಿ ಶ್ವಿನ್ ದಿವಾಳಿಯಾಯಿತು. ಕೆಲಸ ಹೊರಗೆ ಕೊಟ್ಟರೆ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎನ್ನುವ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಯೋಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಅರ್ಥಶಾಸ್ತ್ರಜ್ಞ ಜಾನ್ ಡನಿಂಗ್ ಹೇಳುವ ಮೂರು ಪ್ರಶ್ನೆಗಳು, ಅಂದರೆ ಕಂಪನಿಯ ಕೈಯಲ್ಲಿ ಏನು ವಿಶೇಷವಿದೆ, ಆ ಸ್ಥಳದಲ್ಲಿ ಏನು ಅನುಕೂಲವಿದೆ, ಕೆಲಸವನ್ನು ಹೊರಗೆ ಕೊಡದೆ ಒಳಗೇ ಯಾಕೆ ಇಟ್ಟುಕೊಳ್ಳಬೇಕು, ಇವನ್ನು ಈ ಕಥೆಗೆ ಹಚ್ಚಿ ನೋಡಿದ ಮೇಲೆ ನಾನು ಆ ಪಾಠವನ್ನು ಮತ್ತೆ ಓದುವ ಅಗತ್ಯ ಬೀಳಲಿಲ್ಲ.

ಸಂಸ್ಕೃತಿಯ ಕೋರ್ಸಿನ ಬಗ್ಗೆ ನನಗೆ ಅಷ್ಟು ಒಳ್ಳೆಯ ಮಾತಿಲ್ಲ. ಹಾಫ್‌ಸ್ಟೆಡ್ ಎಂಬ ಡಚ್ ಸಂಶೋಧಕರು ಐಬಿಎಂ ನೌಕರರ ನಡುವೆ ಮಾಡಿದ ಸಮೀಕ್ಷೆಯಿಂದ ದೇಶದೇಶಗಳ ಸಂಸ್ಕೃತಿಗೆ ಅಂಕ ಕೊಟ್ಟರು. ಒಂದೇ ಕಂಪನಿಯ ನೌಕರರನ್ನು ಕೇಳಿ ಇಡೀ ದೇಶದ ಸ್ವಭಾವ ಹೇಳುವುದು ಹೇಗೆ ಎಂದು ಆಮೇಲೆ ಸಂಶೋಧಕರೇ ತಕರಾರು ಎತ್ತಿದ್ದಾರೆ. ಅಸೈನ್‌ಮೆಂಟಿನಲ್ಲಿ ಆ ಅಂಕಗಳನ್ನು ಬಳಸಿ, ಪಕ್ಕದಲ್ಲೇ ಆ ತಕರಾರನ್ನೂ ಬರೆಯಿರಿ. ಓದುವ ಮೇಷ್ಟ್ರಿಗೆ ನೀವು ಯೋಚಿಸಿದ್ದೀರಿ ಎನ್ನುವುದು ಗೊತ್ತಾಗುತ್ತದೆ.

ಎರಡನೇ ವರ್ಷದಲ್ಲಿ ಕಾಗದಪತ್ರಗಳ ಲೋಕ ತೆರೆದುಕೊಂಡಿತು. ನನಗೆ ಈ ಪದವಿ ನಿಜವಾಗಿ ಶುರುವಾದದ್ದೇ ಅಲ್ಲಿಂದ. ಮೊದಲು ಎಚ್‌ಎಸ್ ಕೋಡ್. ವಿಶ್ವ ಸುಂಕ ಸಂಘಟನೆ ನೋಡಿಕೊಳ್ಳುವ ಈ ಪಟ್ಟಿಯಲ್ಲಿ ಜಗತ್ತಿನ ಸರಕುಗಳೆಲ್ಲ 5000ಕ್ಕೂ ಹೆಚ್ಚು ಗುಂಪುಗಳಾಗಿ, ಆರಂಕಿಯ ಸಂಖ್ಯೆ ಹೊತ್ತು ಕೂತಿವೆ. ಆರಂಕಿಯ ತನಕ ಈ ಪಟ್ಟಿ ಬಳಸುವ ಎಲ್ಲ ದೇಶಗಳಲ್ಲೂ ಒಂದೇ. ಮುಂದಿನ ಅಂಕಿಗಳು ಆಯಾ ದೇಶದವು. ಮೋಟಾರಿಲ್ಲದ ಸೈಕಲ್ 8712.00. ಅದಕ್ಕೇ ಬ್ಯಾಟರಿ, ಮೋಟಾರು ಕೂರಿಸಿದರೆ ಅದು ಮೋಟಾರ್‌ಸೈಕಲ್‌ಗಳ ಸಾಲಿಗೆ ಹೋಗಿ 8711.60 ಆಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಮೊದಲನೆಯದಕ್ಕೆ ಸಾಮಾನ್ಯ ಆಮದು ಸುಂಕ ಶೇ. 14, ಎರಡನೆಯದಕ್ಕೆ ಶೇ. 6. ಮೋಟಾರು ಸೇರಿಸಿದ್ದಕ್ಕೆ ಸುಂಕ ಕಡಿಮೆ!

ಅಲ್ಲಿಗೆ ಮುಗಿಯಲಿಲ್ಲ. ಚೀನಾದಿಂದ ಬರುವ ಸೈಕಲ್‌ಗಳ ಮೇಲೆ ಒಕ್ಕೂಟ 1993ರಿಂದಲೇ ಡಂಪಿಂಗ್ ವಿರೋಧಿ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಹೆಚ್ಚುವರಿ ಸುಂಕ) ಹಾಕುತ್ತಾ ಬಂದಿದೆ. 2005ರಲ್ಲಿ ಅದು ಶೇ. 48.5ಕ್ಕೆ ಏರಿತು. ಸುಂಕ ತಪ್ಪಿಸಲು ಬಿಡಿಭಾಗ ತಂದು ಒಕ್ಕೂಟದೊಳಗೆ ಜೋಡಿಸುವವರು ಹುಟ್ಟಿಕೊಂಡಾಗ 1997ರಲ್ಲಿ ಮುಖ್ಯ ಬಿಡಿಭಾಗಗಳಿಗೂ ಸುಂಕ ಬಂತು. ಬೇರೆ ದೇಶಗಳ ದಾರಿ ಹಿಡಿದು ಬರತೊಡಗಿದಾಗ 2013ರಲ್ಲಿ ಇಂಡೊನೇಷ್ಯಾ, ಮಲೇಷ್ಯಾ, ಶ್ರೀಲಂಕಾ, ಟ್ಯುನೀಷಿಯಾಗಳಿಂದ ಕಳಿಸುವ ಸೈಕಲ್‌ಗಳಿಗೂ ಅದೇ ಸುಂಕ ವಿಸ್ತರಿಸಿತು. 2019ರಲ್ಲಿ ವಿದ್ಯುತ್ ಸೈಕಲ್‌ಗಳ ಸರದಿ. ‘ಸರಕಿನ ಮೂಲ’ ಎಂಬ ಒಣ ಅಧ್ಯಾಯದ ಅರ್ಥ ನನಗಾದದ್ದು ಇದನ್ನು ವರ್ಷದಿಂದ ವರ್ಷಕ್ಕೆ ಸಾಲಾಗಿ ಬರೆದುಕೊಂಡಾಗ. ಸೈಕಲ್ ಯಾವ ದೇಶದ್ದು ಎನ್ನುವುದು ಅದರ ಮೇಲಿನ ಸ್ಟಿಕ್ಕರಿನಿಂದ ತೀರ್ಮಾನವಾಗುವ ಸಂಗತಿಯೇ ಅಲ್ಲ. ಪಠ್ಯದಲ್ಲಿ ಈ ಅಧ್ಯಾಯಕ್ಕೆ ಸಿಗುವ ಜಾಗ ಕೆಲವೇ ಪುಟ. ಕೆಲಸಕ್ಕೆ ಸೇರಿದವರ ಅರ್ಧ ತಲೆನೋವು ಇದರದೇ.

ಆಮೇಲೆ ಇನ್‌ಕೋಟರ್ಮ್ಸ್, ಅಂದರೆ ಸಾಗಣೆಯ ಖರ್ಚು, ಅಪಾಯಗಳನ್ನು ಮಾರುವವನಿಗೂ ಕೊಳ್ಳುವವನಿಗೂ ಹಂಚುವ ಮೂರಕ್ಷರದ ಪದಗಳು. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ 2020ರ ಆವೃತ್ತಿಯಲ್ಲಿ 11 ಪದಗಳಿವೆ. ಹನ್ನೊಂದನ್ನೂ ಕೋಷ್ಟಕ ಮಾಡಿ ಗೋಡೆಗೆ ಅಂಟಿಸಿಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ಪ್ರತಿ ಪದಕ್ಕೂ ಎರಡೇ ಪ್ರಶ್ನೆ ಕೇಳಿದರೆ ಸಾಕು: ಖರ್ಚು ಎಲ್ಲಿಯವರೆಗೆ ಮಾರುವವನದು, ಅಪಾಯ ಎಲ್ಲಿಯವರೆಗೆ ಮಾರುವವನದು? ಈ ಎರಡು ಗೆರೆ ಒಂದೇ ಕಡೆ ಬೀಳಬೇಕೆಂದಿಲ್ಲ. ಸಿಐಎಫ್‌ನಲ್ಲಿ ಮಾರುವವನು ಸರಕು ತಲುಪುವ ಬಂದರಿನವರೆಗೆ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಕಟ್ಟುತ್ತಾನೆ, ಆದರೆ ಅಪಾಯ ಮಾತ್ರ ಹೊರಡುವ ಬಂದರಿನಲ್ಲಿ ಹಡಗು ಹತ್ತಿದ ಕ್ಷಣವೇ ಕೊಳ್ಳುವವನ ಹೆಗಲಿಗೆ ಹೋಗುತ್ತದೆ. ದಾರಿಯಲ್ಲಿ ಸರಕು ಹಾಳಾದರೆ ವಿಮೆಯವರ ಹಿಂದೆ ಓಡಬೇಕಾದವನು ಕೊಳ್ಳುವವನು. ಇನ್ನೊಂದು: ಕಂಟೇನರಿನಲ್ಲಿ ಹೋಗುವ ಸರಕಿಗೆ ಎಫ್‌ಒಬಿ (ಸರಕು ಹಡಗು ಹತ್ತುವವರೆಗೆ ಖರ್ಚು, ಅಪಾಯ ಎರಡೂ ಮಾರುವವನದು) ಬರೆಯುವ ಹಳೆಯ ಚಾಳಿ. ಕಂಟೇನರನ್ನು ಟರ್ಮಿನಲ್ಲಿಗೆ ಒಪ್ಪಿಸಿ ಬಂದ ಮೇಲೆ ಅದು ಹಡಗು ಹತ್ತುವವರೆಗೆ ಮಾರುವವನ ಕೈಯಲ್ಲಿ ಏನೂ ಇರುವುದಿಲ್ಲ, ಅಪಾಯ ಮಾತ್ರ ಅವನದೇ. ಅದಕ್ಕೇ ಅಂಥಲ್ಲಿ, ಸಾಗಣೆದಾರನಿಗೆ ಒಪ್ಪಿಸಿದ ಕೂಡಲೇ ಮಾರುವವನ ಅಪಾಯ ಮುಗಿಯುವ ಎಫ್‌ಸಿಎ ಸರಿ.

ನನಗೆ ಅತ್ಯಂತ ಇಷ್ಟವಾದದ್ದು ಎಲ್‌ಸಿಯ (ಲೆಟರ್ ಆಫ್ ಕ್ರೆಡಿಟ್) ಪಾಠ. ಹೇಳಿದ ಕಾಗದಗಳನ್ನು ಒಪ್ಪಿಸಿದರೆ ಮಾರುವವನಿಗೆ ಹಣ ಕೊಡುತ್ತೇನೆ ಎಂದು ಕೊಳ್ಳುವವನ ಬ್ಯಾಂಕು ಕೊಡುವ ಭರವಸೆ ಪತ್ರ ಇದು. ಎಲ್‌ಸಿಗೆ ಬ್ಯಾಂಕುಗಳು ಅನುಸರಿಸುವ ಯುಸಿಪಿ 600 ಎಂಬ ನಿಯಮಾವಳಿ 2007ರಿಂದ ಜಾರಿಯಲ್ಲಿದೆ; ಒಟ್ಟು 39 ವಿಧಿಗಳು. ನಿಧಾನವಾಗಿ ಕೂತರೆ ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು, ಆದರೆ ಟಿಪ್ಪಣಿ ಓದಿಕೊಂಡೇ ಪರೀಕ್ಷೆಗೆ ಹೋಗುವವರು ಮೂಲವನ್ನು ಮುಟ್ಟುವುದಿಲ್ಲ. ಬ್ಯಾಂಕು ನೋಡುವುದು ಕಾಗದವನ್ನು, ಸರಕನ್ನಲ್ಲ ಎನ್ನುತ್ತದೆ 5ನೇ ವಿಧಿ. ಕಂಟೇನರಿನಲ್ಲಿ ಸೈಕಲ್ ಬದಲು ಕಲ್ಲಿದ್ದರೂ ಕಾಗದಗಳು ಮೇಲ್ನೋಟಕ್ಕೆ ಸರಿಯಿದ್ದರೆ ಬ್ಯಾಂಕು ದುಡ್ಡು ಕೊಡುತ್ತದೆ (ಮೋಸ ಎಂದು ಕೋರ್ಟು ತಡೆದರೆ ಮಾತು ಬೇರೆ). ಸೈಕಲ್ ಮೊದಲ ದರ್ಜೆಯದಾಗಿದ್ದು ಕಾಗದದಲ್ಲಿ ಕೊರತೆಯಿದ್ದರೆ ಬ್ಯಾಂಕು ಕೈಯೆತ್ತಬಹುದು.

ಈ ಕೋರ್ಸಿನಲ್ಲಿ ಒಂದು ಎಲ್‌ಸಿ, ಅದರ ಜೊತೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಪತ್ರ), ವಿಮಾ ಪತ್ರ ಕೊಟ್ಟು ತಪ್ಪು ಹುಡುಕಲು ಹೇಳುತ್ತಿದ್ದರು. ನಾನು ಪರದೆಯ ಮೇಲೆ ನೋಡುತ್ತಿರಲಿಲ್ಲ. ಎಲ್ಲವನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡು, ಮೊದಲು ತಾರೀಖುಗಳನ್ನು ಮಾತ್ರ ಓದುತ್ತಿದ್ದೆ. ಸರಕು ಹಡಗು ಹತ್ತಿದ್ದು ಎಲ್‌ಸಿಯಲ್ಲಿ ಸಾಗಣೆಗೆ ಕೊಟ್ಟ ಕೊನೆಯ ದಿನದೊಳಗೆಯೇ? ಅಲ್ಲಿಂದ 21 ದಿನದೊಳಗೆ ಕಾಗದ ಬ್ಯಾಂಕಿಗೆ ಬಂತೇ? ವಿಮೆ ಶುರುವಾದದ್ದು ಸರಕು ಹೊರಟ ಮೇಲೆಯೇ? ಎರಡನೇ ಸುತ್ತಿನಲ್ಲಿ ಮೊತ್ತಗಳು. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ ವಿಮೆ ಸಿಐಎಫ್ ಅಥವಾ ಅದರಂತೆಯೇ ಸಾಗಣೆ, ವಿಮೆ ಸೇರಿದ ಸಿಐಪಿ ಮೌಲ್ಯದ ಕನಿಷ್ಠ ಶೇ. 110 ಇರಬೇಕು. ಕೊನೆಗೆ ಸರಕಿನ ವಿವರಣೆ. ಇನ್‌ವಾಯ್ಸಿನ ವಿವರಣೆ ಎಲ್‌ಸಿಯದಕ್ಕೆ ಹೊಂದಲೇಬೇಕು, ಉಳಿದ ಕಾಗದಗಳಲ್ಲಿ ಅದಕ್ಕೆ ವಿರೋಧವಾಗದಂತೆ ಸಾಮಾನ್ಯವಾಗಿ ಬರೆದರೂ ನಡೆಯುತ್ತದೆ. ಇದೇ ಕ್ರಮವನ್ನು ಈಗ ಕೆಲಸದಲ್ಲೂ ಇಟ್ಟುಕೊಂಡಿದ್ದೇನೆ.

ಹಣಕಾಸಿನ ಕೋರ್ಸು ಮಾತ್ರ ಬೆವರಿಳಿಸಿತು. ಒಂದು ಲೆಕ್ಕ ಹೇಳುತ್ತೇನೆ. ಇವತ್ತು ಒಂದು ಯೂರೊಗೆ 1.10 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ ವಾರ್ಷಿಕ ಬಡ್ಡಿ ಶೇ. 5, ಯೂರೊಗೆ ಶೇ. 3. ಹಾಗಾದರೆ ಒಂದು ವರ್ಷದ ಫಾರ್ವರ್ಡ್ ದರ (ವರ್ಷದ ಆಮೇಲಿನ ವಿನಿಮಯಕ್ಕೆ ಇವತ್ತೇ ಗೊತ್ತುಮಾಡುವ ದರ) 1.10 ಗುಣಿಸು 1.05, ಭಾಗಿಸು 1.03, ಸುಮಾರು 1.1214. ಇದನ್ನು ನೋಡಿ ‘ಯೂರೊ ಏರುತ್ತದೆ ಅಂತ ಮಾರುಕಟ್ಟೆ ಹೇಳುತ್ತಿದೆ’ ಎಂದು ಬರೆಯುವವರು ಬಹಳ. ಆ ವ್ಯತ್ಯಾಸ ಬಡ್ಡಿಯ ವ್ಯತ್ಯಾಸವಷ್ಟೇ. ದರ ಹಾಗಿಲ್ಲದಿದ್ದರೆ ಒಂದು ಕರೆನ್ಸಿಯಲ್ಲಿ ಸಾಲ ಮಾಡಿ, ಇನ್ನೊಂದರಲ್ಲಿ ಠೇವಣಿಯಿಟ್ಟು, ಅಪಾಯವಿಲ್ಲದೆ ದುಡ್ಡು ಮಾಡುವವರು ಬಂದು ಅದನ್ನು ಸರಿಮಾಡಿಬಿಡುತ್ತಾರೆ. ಈ ಭಾಗದ ರೆಕಾರ್ಡ್ ಆದ ಪಾಠವನ್ನು ನಿಲ್ಲಿಸಿ ನಿಲ್ಲಿಸಿ, ಮೇಷ್ಟ್ರು ಉತ್ತರ ಹೇಳುವ ಮೊದಲೇ ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಮಾಡಿಕೊಂಡು ಮುಂದೆ ಹೋಗುತ್ತಿದ್ದೆ. ರೆಕಾರ್ಡ್ ಆದ ಪಾಠದ ದೊಡ್ಡ ಅನುಕೂಲ ಇದೇ. ತರಗತಿಯಲ್ಲಿ ಮೇಷ್ಟ್ರನ್ನು ಹೀಗೆ ತಡೆದು ನಿಲ್ಲಿಸಲಾಗದು.

ಗುಂಪು ಪ್ರಾಜೆಕ್ಟುಗಳ ಬಗ್ಗೆ ಎಲ್ಲರೂ ಗೊಣಗುತ್ತಾರೆ. ನನಗನ್ನಿಸುವುದು, ಈ ವಿಷಯಕ್ಕೆ ಅದೇ ಪ್ರಯೋಗಾಲಯ. ಬೇರೆ ಬೇರೆ ಖಂಡಗಳಲ್ಲಿ ಕೂತವರು ಒಂದೇ ವರದಿ ಬರೆಯಬೇಕು. ಸಭೆಯ ಸಮಯವನ್ನು ಯಾರ ಊರಿನ ಗಡಿಯಾರದಲ್ಲೂ ಹೇಳದೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಯುಟಿಸಿಯಲ್ಲೇ ಬರೆಯುವ ನಿಯಮ ಮಾಡಿಕೊಂಡೆವು. ಮಾರ್ಚಿನಲ್ಲಿ ಅಮೆರಿಕದವರು ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ಆ ನಡುವಿನ ವಾರಗಳಲ್ಲಿ ಯುಟಿಸಿ ಇಲ್ಲದ ಗುಂಪುಗಳ ಸಭೆಗಳು ಅಸ್ತವ್ಯಸ್ತವಾಗುವುದನ್ನು ನೋಡಿದ್ದೇನೆ. ಕೆಲಸವನ್ನು ‘ನೀನು ಮಾರ್ಕೆಟಿಂಗ್, ನಾನು ಹಣಕಾಸು’ ಎಂದು ಹಂಚಿಕೊಂಡರೆ ಐದು ಜನರ ಐದು ವರದಿ ಒಂದೇ ಫೈಲಿನಲ್ಲಿ ಕೂರುತ್ತವೆ. ಅದರ ಬದಲು ಒಬ್ಬರು ಬರೆದ ಭಾಗವನ್ನು ಇನ್ನೊಬ್ಬರು ತಿದ್ದಬೇಕು, ಎಲ್ಲ ಅಂಕಿಗಳೂ ಒಂದೇ ಹಾಳೆಯಿಂದ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳುವುದು ಮೇಲು.

ಅಂಕಿಗಳ ವಿಷಯಕ್ಕೆ ಬಂದರೆ, ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಮತ್ತು ಜಿನೀವಾದ ಅಂತಾರಾಷ್ಟ್ರೀಯ ವ್ಯಾಪಾರ ಕೇಂದ್ರದ ಟ್ರೇಡ್ ಮ್ಯಾಪ್, ಆಮದು ರಫ್ತಿನ ಅಂಕಿಅಂಶಗಳ ಈ ಎರಡು ತಾಣಗಳನ್ನೂ ಮೊದಲ ವರ್ಷವೇ ಕೈಗೆ ಹತ್ತಿಸಿಕೊಳ್ಳಿ. ಒಂದು ದೇಶ ಇಷ್ಟು ರಫ್ತು ಮಾಡಿದೆ ಎನ್ನುತ್ತದೆ, ತರಿಸಿಕೊಂಡ ದೇಶ ಬೇರೆಯೇ ಮೊತ್ತ ಹೇಳುತ್ತದೆ. ರಫ್ತನ್ನು ಸಾಮಾನ್ಯವಾಗಿ ಎಫ್‌ಒಬಿ ಲೆಕ್ಕದಲ್ಲಿ, ಆಮದನ್ನು ಸಿಐಎಫ್ ಲೆಕ್ಕದಲ್ಲಿ ಬರೆಯುವುದು ಒಂದು ಕಾರಣ. ರೋಟರ್‌ಡ್ಯಾಮ್‌ನಂಥ ದೊಡ್ಡ ಬಂದರಿನಲ್ಲಿಳಿದು ಮುಂದೆ ಹೋಗುವ ಸರಕು ಯಾರ ಖಾತೆಗೆ ಸೇರಬೇಕು ಎನ್ನುವುದು ಇನ್ನೊಂದು.

ಸೇರುವ ಮುಂಚೆ ನೋಡಬೇಕಾದದ್ದು: ಪದವಿಗೆ ನಿಮ್ಮ ದೇಶದ ಶಿಕ್ಷಣ ನಿಯಂತ್ರಕರ ಮಾನ್ಯತೆ ಇದೆಯೇ, ಮುಂದೆ ಓದಲು ಹೋಗುವ ದೇಶದಲ್ಲಿ ಆನ್‌ಲೈನ್ ಪದವಿಯನ್ನು ಒಪ್ಪುತ್ತಾರೆಯೇ, ಪರೀಕ್ಷೆ ಕ್ಯಾಮೆರಾ ಮುಂದೆಯೋ ಕೇಂದ್ರದಲ್ಲೋ. ಪಠ್ಯಕ್ರಮ ತೆಗೆದು ನೋಡುವಾಗ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಸುಂಕ, ಸಾಗಣೆ, ವ್ಯಾಪಾರ ಹಣಕಾಸು ಇವುಗಳಲ್ಲಿ ಕನಿಷ್ಠ ಎರಡಾದರೂ ಇರಲಿ. ನಾಯಕತ್ವ, ಜಾಗತಿಕ ಮನೋಭಾವ ಎಂಬ ಹೆಸರಿನ ಕೋರ್ಸುಗಳೇ ತುಂಬಿದ್ದರೆ ನಾನಾದರೆ ಬೇರೆ ವಿಶ್ವವಿದ್ಯಾಲಯ ಹುಡುಕುತ್ತೇನೆ.