ದಾವಣಗೆರೆಯಿಂದ ಅಮೆರಿಕದ ಸಣ್ಣ ಊರಿಗೆ ಟಿಕೆಟ್ ತಗೊಳ್ಳೋವಾಗ ಏನ್ ನೋಡ್ಬೇಕು

ಮಕ್ಕಳು ಡೆಮಾಯ್ನ್ ಥರದ ಊರಲ್ಲಿದ್ರೆ ಬೆಂಗಳೂರು–ಫ್ರಾಂಕ್‌ಫರ್ಟ್–ಶಿಕಾಗೋ–ಡೆಮಾಯ್ನ್ ಅಂತ ಟಿಕೆಟ್ ತೋರಿಸುತ್ತೆ, ಎಲ್ಲಾದಕ್ಕೂ ಜರ್ಮನಿಯ ಲುಫ್ತಾನ್ಸಾ ಕಂಪನಿ ನಂಬರ್, ಆದ್ರೆ ಕೊನೇ ವಿಮಾನ ಅಮೆರಿಕದ ಯುನೈಟೆಡ್ ಕಂಪನಿದು. ಗಾಬರಿ ಬೇಡ, ಒಬ್ಬರ ವಿಮಾನಕ್ಕೆ ಇನ್ನೊಬ್ಬರು ತಮ್ಮ ನಂಬರ್ ಹಾಕಿ ಟಿಕೆಟ್ ಮಾರೋ ಇದಕ್ಕೆ ಕೋಡ್‌ಶೇರ್ ಅಂತಾರೆ. ಹಿಂಗ್ಯಾಕೆ ಅಂದ್ರೆ ಕೇಳ್ರಿ.

ಅಮೆರಿಕದೊಳಗೆ ಒಂದೂರಿಂದ ಇನ್ನೊಂದೂರಿಗೆ ಜನ ಒಯ್ಯೋಕೆ ಹೊರದೇಶದ ಕಂಪನಿಗೆ ಕಾನೂನು ಬಿಡಲ್ಲ, ಹೋಗ್ಲಿ ಅಲ್ಲಿನ ಕಂಪನೀನೇ ಕೊಂಡ್ಕೊಳ್ಳೋಣ ಅಂದ್ರೆ ವೋಟಿಂಗ್ ಷೇರು 25% ದಾಟಂಗಿಲ್ಲ. 1978ಕ್ಕೆ ಮುಂಚೆ ಅಲ್ಲಿ ರೂಟು, ದರ ಎಲ್ಲಾ ಸರ್ಕಾರದ ಬೋರ್ಡೇ ಹೇಳ್ತಿತ್ತು, ಆ ಹಿಡಿತ ಸಡಿಲ ಆದ್ಮೇಲೆ ಕಂಪನಿಗಳು ಶಿಕಾಗೋ ಥರ ದೊಡ್ಡ ಹಬ್‌ಗಳಿಗೆ ಸಣ್ಣ ಊರಿನ ಜನಾನೆಲ್ಲ ತಂದು ಸೇರಿಸೋಕೆ ಶುರು ಮಾಡಿದ್ವು. ಆ ಜನ ಯುರೋಪಿನವರಿಗೂ ಬೇಕಿತ್ತು. 1992ರಲ್ಲಿ ಅಮೆರಿಕಕ್ಕೂ ನೆದರ್‌ಲ್ಯಾಂಡ್ಸ್‌ಗೂ ಓಪನ್ ಸ್ಕೈ ಒಪ್ಪಂದ (ಎರಡೂ ದೇಶದ ಕಂಪನಿಗಳು ತಮ್ಮಿಷ್ಟದಂತೆ ಪರಸ್ಪರ ವಿಮಾನ ಹಾರಿಸೋಕೆ ಬಿಡೋದು) ಆಗಿ, ಅಲ್ಲಿನ ಕೆಎಲ್‌ಎಂ ಮತ್ತೆ ಅಮೆರಿಕದ ನಾರ್ತ್‌ವೆಸ್ಟ್ ಕಂಪನಿ ಕೂತು ದರ, ಟೈಮಿಂಗ್ ಮಾತಾಡ್ಕೊಳ್ಳೋಕೂ ಅನುಮತಿ ಸಿಕ್ತು (ಬೇರೆ ಬಿಸಿನೆಸ್‌ನಲ್ಲಿ ಹಿಂಗೆ ಮಾಡಿದ್ರೆ ಕೇಸ್ ಬೀಳುತ್ತೆ). ಆಮೇಲೆ ಕಂಪನಿಗಳು ಗುಂಪು ಕಟ್ಕೊಂಡ್ವು, ಆ ಗುಂಪಿಗೇ ಅಲಯನ್ಸ್ ಅನ್ನೋದು: 1997ರಲ್ಲಿ ಲುಫ್ತಾನ್ಸಾ, ಯುನೈಟೆಡ್ ಇರೋ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್.

ಈಗ ನೀವ್ ಮಾಡ್ಬೇಕಾದ್ದು. ಎಲ್ಲಾ ವಿಮಾನ ಒಂದೇ ಟಿಕೆಟ್‌ನಲ್ಲಿ ಇದಾವಾ ನೋಡ್ರಿ, ನನ್ ಪ್ರಕಾರ ಅಲಯನ್ಸ್ ಹೆಸರಿಗಿಂತ ಇದೇ ಮುಖ್ಯ. ಒಂದೇ ಟಿಕೆಟ್ ಇದ್ದು ಮೊದಲ್ನೇದು ಲೇಟಾಗಿ ಮುಂದಿಂದು ತಪ್ಪಿದ್ರೆ ಇನ್ನೊಂದರಲ್ಲಿ ಕಳಿಸೋದು ಅವರ ಜವಾಬ್ದಾರಿ, ದುಡ್ಡು ಉಳಿಯುತ್ತೆ ಅಂತ ಎರಡು ಬೇರೆ ಟಿಕೆಟ್ ತಗೊಂಡ್ರೆ ಎರಡೂ ಒಂದೇ ಅಲಯನ್ಸ್ ಆಗಿದ್ರೂ ಎರಡನೇದು ನಿಮ್ಮ ತಲೆಮೇಲೇ ಬರಬಹುದು. ಆಮೇಲೆ 'ಆಪರೇಟೆಡ್ ಬೈ' ಅಂತ ಸಣ್ಣಕ್ಷರದಲ್ಲಿ ಇರುತ್ತಲ್ಲ ಅದನ್ನ ಓದ್ರಿ, ಸೀಟ್, ಚೆಕ್‌ಇನ್ ಎಲ್ಲಾ ವಿಮಾನ ಹಾರಿಸೋರ ಹತ್ರಾನೇ, ಅವರ ಪಿಎನ್‌ಆರ್ (ಬುಕಿಂಗ್ ನಂಬರ್) ಬೇರೆ ಇರಬಹುದು, ಏಜೆಂಟ್ ಹತ್ರ ಕೇಳಿ ಬರ್ಕೊಳ್ರಿ.

ಬ್ಯಾಗ್ ಟ್ಯಾಗ್ ಮೇಲೆ ಡೆಮಾಯ್ನ್ ಕೋಡ್ ಇದ್ರೂ ಶಿಕಾಗೋದಲ್ಲಿ ಸಾಮಾನ್ಯವಾಗಿ ಬ್ಯಾಗ್ ಎತ್ಕೊಂಡು ಕಸ್ಟಮ್ಸ್ ದಾಟಿಸಿ ಮತ್ತೆ ಕೊಡ್ಬೇಕು, ಅದಕ್ಕೆ ಅಲ್ಲಿ ಒಂದೂವರೆ ಗಂಟೆ ಗ್ಯಾಪ್ ಇರೋ ಟಿಕೆಟ್ ಅಪ್ಪ ಅಮ್ಮಂಗೆ ಮಾಡಿಸ್ಬೇಡ್ರಿ, ಮೂರು ಗಂಟೆ ಇರ್ಲಿ. ದಾವಣಗೆರೆಯಿಂದ ಬೆಂಗಳೂರಿನ ರೈಲೋ ಬಸ್ಸೋ ಈ ಟಿಕೆಟ್‌ಗೆ ಸೇರಲ್ಲ, ತುಮಕೂರ್ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡ್ರೆ ಯಾವ ಅಲಯನ್ಸೂ ಕಾಯಲ್ಲ, ಬೇಗ ಹೊರಡ್ರಿ.

ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ, ಅವರ ಮೈಲ್ಸ್ (ಹಾರಿದ್ದಕ್ಕೆ ಸಿಗೋ ಪಾಯಿಂಟ್ಸ್) ಅಕೌಂಟ್ ಇದ್ರೆ ಬುಕ್ ಮಾಡೋವಾಗ್ಲೇ ಆ ನಂಬರ್ ಕೊಡ್ರಿ, ತೀರಾ ಅಗ್ಗದ ಟಿಕೆಟ್‌ಗೆ ಮೈಲ್ಸ್ ಕಮ್ಮಿ ಬರುತ್ತೆ ಇಲ್ಲಾ ಬರೋದೇ ಇಲ್ಲ.